ಆಂಡುರಿಲ್‌ನ ಸ್ವಾಯತ್ತ ಆಯುಧಗಳು: ಕೊಳ್ಳುವವರ ದೃಷ್ಟಿಯಿಂದ ಒಂದು ವಿಮರ್ಶೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕೋಸ್ಟಾ ಮೆಸಾ ನಗರದಲ್ಲಿ ನೆಲೆಯಿರುವ ಆಂಡುರಿಲ್ ಇಂಡಸ್ಟ್ರೀಸ್ ಕಂಪನಿಯ ಸರಕುಗಳನ್ನು ಯಾರೂ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವಂತಿಲ್ಲ. ಅದರ ಗಿರಾಕಿಗಳು ಸರ್ಕಾರಗಳು, ಹಣ ತೆರಿಗೆದಾರರದು, ಸರಕಿನ ಗುಣಾವಗುಣ ಬಯಲಾಗುವುದು ಯುದ್ಧಭೂಮಿಯಲ್ಲಿ. ಆದ್ದರಿಂದ ಇದು ಬಳಸಿ ನೋಡಿದವನ ಅನುಭವಕಥನವಲ್ಲ. ಕಂಪನಿಯ ಪ್ರಕಟಣೆಗಳು, ಬಹಿರಂಗವಾಗಿರುವ ಸರ್ಕಾರಿ ಗುತ್ತಿಗೆಗಳು ಮತ್ತು ಪತ್ರಿಕಾ ವರದಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು, ಹೇಳಿದ್ದಕ್ಕೂ ನಡೆದದ್ದಕ್ಕೂ ಎಷ್ಟು ಅಂತರವಿದೆ ಎಂದು ಅಳೆಯುವ ಪ್ರಯತ್ನ. ನಮಗೇಕೆ ಈ ಉಸಾಬರಿ ಎಂದು ಕೇಳುವವರಿಗೆ ಉತ್ತರ 2025ರ ಫೆಬ್ರುವರಿ 13ರ ಭಾರತ–ಅಮೆರಿಕ ಜಂಟಿ ಹೇಳಿಕೆಯಲ್ಲಿದೆ. ಕಡಲ ರಕ್ಷಣೆಯ ಸ್ವಾಯತ್ತ ಉಪಕರಣಗಳನ್ನೂ ಡ್ರೋನ್ ನಿಗ್ರಹ ವ್ಯವಸ್ಥೆಗಳನ್ನೂ ಜತೆಯಾಗಿ ರೂಪಿಸಿ ತಯಾರಿಸಲು ಆಂಡುರಿಲ್ ಮತ್ತು ಮಹೀಂದ್ರ ಸಮೂಹ ಮಾಡಿಕೊಂಡ ಪಾಲುದಾರಿಕೆಯನ್ನು ಆ ಹೇಳಿಕೆ ಹೆಸರು ಹೇಳಿ ಸ್ವಾಗತಿಸಿದೆ. ನಾಳೆ ಕೊಳ್ಳುವವರ ಸಾಲಿನಲ್ಲಿ ನಾವೂ ನಿಲ್ಲಬಹುದು.

ಮೊದಲು ಮಾರುವವರ ವಿಚಾರ. ಪಾಮರ್ ಲಕೀ ಹದಿಹರೆಯ ದಾಟುವ ಹೊತ್ತಿಗೆ ಆಕ್ಯುಲಸ್ ಎಂಬ ವರ್ಚುವಲ್ ರಿಯಾಲಿಟಿ ಕನ್ನಡಕದ ಕಂಪನಿಯನ್ನು ಕಟ್ಟಿದವರು. ಫೇಸ್‌ಬುಕ್ 2014ರಲ್ಲಿ ಅದನ್ನು ಸುಮಾರು 200 ಕೋಟಿ ಡಾಲರ್‌ಗೆ ಕೊಂಡಿತು. 2017ರಲ್ಲಿ ಫೇಸ್‌ಬುಕ್‌ನಿಂದ ಹೊರಬಿದ್ದ ಅವರು ಅದೇ ವರ್ಷ ಟ್ರೇ ಸ್ಟೀಫನ್ಸ್, ಬ್ರಯಾನ್ ಶಿಂಪ್, ಮ್ಯಾಟ್ ಗ್ರಿಮ್ ಮತ್ತು ಜೋ ಚೆನ್ ಅವರೊಡನೆ ಆಂಡುರಿಲ್ ಸ್ಥಾಪಿಸಿದರು. ಇವರಲ್ಲಿ ಮೂವರು ಪ್ಯಾಲಂಟಿರ್ ಕಂಪನಿಯಲ್ಲಿ ಪಳಗಿ ಬಂದವರು. ಅಂದರೆ ಸರ್ಕಾರಕ್ಕೆ ಸಾಫ್ಟ್‌ವೇರ್ ಮಾರುವ ವಿದ್ಯೆಯನ್ನು ಮೊದಲೇ ಅರೆದು ಕುಡಿದವರು. 2025ರ ಜೂನ್‌ನಲ್ಲಿ ಕಂಪನಿ 250 ಕೋಟಿ ಡಾಲರ್ ಬಂಡವಾಳ ಎತ್ತಿದಾಗ ಅದರ ಒಟ್ಟು ಮೌಲ್ಯವನ್ನು 3,050 ಕೋಟಿ ಡಾಲರ್ ಎಂದು ಲೆಕ್ಕ ಹಾಕಲಾಯಿತು. ಇಷ್ಟು ಹಣ ಹಾಕಿದವರು ಕಾಯುತ್ತಿರುವುದು ಇಲ್ಲಿಯವರೆಗಿನ ಮಾರಾಟಕ್ಕಲ್ಲ, ಮುಂದಿನ ಯುದ್ಧಗಳ ಮಾರಾಟಕ್ಕೆ ಎಂಬುದನ್ನು ಸರಕು ನೋಡುವಾಗ ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಅವರ ವ್ಯಾಪಾರದ ಕ್ರಮ ಮಾತ್ರ ನಿಜಕ್ಕೂ ಹೊಸದು, ಮತ್ತು ಮೆಚ್ಚತಕ್ಕದ್ದು. ಅಮೆರಿಕದ ಹಳೆಯ ಶಸ್ತ್ರ ಕಂಪನಿಗಳು ಬಹುಕಾಲದಿಂದ ಅನುಸರಿಸಿಕೊಂಡು ಬಂದ ಪದ್ಧತಿಯಲ್ಲಿ ಸೇನೆ ಮೊದಲು ತನಗೆ ಬೇಕಾದದ್ದನ್ನು ಸಾವಿರಾರು ಪುಟಗಳಲ್ಲಿ ಬರೆದುಕೊಡುತ್ತದೆ, ಕಂಪನಿ ಖರ್ಚು ತೋರಿಸುತ್ತ ಹೋಗುತ್ತದೆ, ಸರ್ಕಾರ ಆ ಖರ್ಚಿನ ಮೇಲೆ ನಿಗದಿಯಾದ ಲಾಭವನ್ನು ಸೇರಿಸಿ ಕೊಡುತ್ತದೆ. ತಡವಾದಷ್ಟೂ ಖರ್ಚು ಹೆಚ್ಚು, ಖರ್ಚು ಹೆಚ್ಚಿದರೂ ಕಂಪನಿಗೆ ನಷ್ಟವಿಲ್ಲ. ಆಂಡುರಿಲ್ ತನ್ನದೇ ಹಣದಲ್ಲಿ ಸರಕನ್ನು ಮೊದಲು ತಯಾರಿಸಿ, ಬೆಲೆ ಗೊತ್ತುಮಾಡಿ, ಆಮೇಲೆ ಮಾರಾಟಕ್ಕಿಡುತ್ತದೆ. ಕೈಸುಟ್ಟುಕೊಂಡರೆ ಸುಡುವುದು ಹೂಡಿಕೆದಾರರ ಕೈ. ಬೆಂಗಳೂರಿನ ರಕ್ಷಣಾ ಉದ್ಯಮದ ಒಳಹೊರಗನ್ನು ಬಲ್ಲವರಿಗೆ, ಒಂದು ಯೋಜನೆ ಕಾಗದದಿಂದ ಕಾರ್ಖಾನೆಗೆ ಬರಲು ದಶಕಗಳೇ ಹಿಡಿದದ್ದನ್ನು ಕಂಡವರಿಗೆ, ಈ ಕ್ರಮದ ಆಕರ್ಷಣೆಯನ್ನು ವಿವರಿಸಬೇಕಾಗಿಲ್ಲ. ಆದರೆ ಇದರಲ್ಲೊಂದು ಕೊಕ್ಕೆಯೂ ಇದೆ. ಏನು ಬೇಕೆಂದು ನಿರ್ಧರಿಸುವ ಅಧಿಕಾರ ಸೇನೆಯ ಕೈಯಿಂದ ಉದ್ಯಮಿಯ ಕೈಗೆ ಸ್ವಲ್ಪಮಟ್ಟಿಗೆ ಜಾರುತ್ತದೆ. ತಯಾರಾಗಿ ನಿಂತಿರುವ ಸರಕಿಗೆ ತಕ್ಕಂತೆ ಅಗತ್ಯವನ್ನು ಬರೆಯುವ ಮನಸ್ಸು ಗಿರಾಕಿಗೆ ಬರುತ್ತದೆ.

ಕಂಪನಿಯ ಪಟ್ಟಿಯಲ್ಲಿ ಗೋಪುರ, ಡ್ರೋನ್, ಕ್ಷಿಪಣಿ, ಜಲಾಂತರ್ಗಾಮಿ, ಯುದ್ಧವಿಮಾನ ಎಲ್ಲವೂ ಇವೆಯಾದರೂ ಮಾರಾಟವಾಗುತ್ತಿರುವ ಮುಖ್ಯ ವಸ್ತು ಲ್ಯಾಟಿಸ್ ಎಂಬ ಸಾಫ್ಟ್‌ವೇರ್. ಬೇರೆ ಬೇರೆ ಕಡೆ ಇಟ್ಟ ರೇಡಾರ್, ಕ್ಯಾಮೆರಾ ಮತ್ತು ರೇಡಿಯೋ ಗ್ರಾಹಕಗಳು ಕಳುಹಿಸುವ ಮಾಹಿತಿಯನ್ನು ಅದು ಒಟ್ಟುಗೂಡಿಸುತ್ತದೆ. ಎರಡು ಕ್ಯಾಮೆರಾಗಳಲ್ಲೂ ಒಂದು ರೇಡಾರಿನಲ್ಲೂ ಕಂಡ ಮೂರು ಚುಕ್ಕಿಗಳು ಮೂರು ವಸ್ತುಗಳೋ ಒಂದೇ ವಸ್ತುವೋ ಎಂದು ತೀರ್ಮಾನಿಸುತ್ತದೆ. ಆ ವಸ್ತು ಹಕ್ಕಿಯೋ ಮನುಷ್ಯನೋ ವಾಹನವೋ ಡ್ರೋನೋ ಎಂದು ಗುರುತಿಸಿ, ಅದರ ದಾರಿಯನ್ನು ನಕ್ಷೆಯ ಮೇಲೆ ಎಳೆಯುತ್ತದೆ. ಮುಂದಿನ ಹಂತದಲ್ಲಿ ಆ ಗುರಿಯ ಹಿಂದೆ ಯಾವ ಯಂತ್ರವನ್ನು ಕಳುಹಿಸಬೇಕೆಂದು ಸೂಚಿಸುತ್ತದೆ, ಅಪ್ಪಣೆ ಸಿಕ್ಕರೆ ಕಳುಹಿಸುತ್ತದೆ. ಲೆಕ್ಕಾಚಾರದ ಬಹುಭಾಗ ದೂರದ ಸರ್ವರಿನಲ್ಲಲ್ಲದೆ ಆಯಾ ಯಂತ್ರದ ಒಳಗೇ ನಡೆಯುವುದರಿಂದ ಸಂಪರ್ಕ ದುರ್ಬಲವಾಗಿರುವ ಕಡೆಯೂ ಅದು ಕೆಲಸ ಮಾಡುತ್ತದೆ. ಹಿಂದೆ ಒಂದು ಡ್ರೋನಿಗೆ ಹಲವರು ಬೇಕಾಗಿದ್ದ ಜಾಗದಲ್ಲಿ ಈಗ ಒಬ್ಬನೇ ಹಲವು ಯಂತ್ರಗಳನ್ನು ನೋಡಿಕೊಳ್ಳಬಹುದು ಎಂಬುದು ಈ ಸಾಫ್ಟ್‌ವೇರಿನ ಮಾರಾಟದ ಮಾತು. ಬೇರೆ ಕಂಪನಿಗಳ ಉಪಕರಣಗಳೂ ಇದಕ್ಕೆ ಜೋಡಣೆಯಾಗಲೆಂದು ಅಗತ್ಯವಾದ ಸಲಕರಣೆಗಳನ್ನು ಹೊರಗಿನ ತಂತ್ರಜ್ಞರಿಗೂ ತೆರೆದಿಡಲಾಗಿದೆ.

ಇಂಥ ಸರಕಿನ ವಿಮರ್ಶೆಗೆ ವೇಗ, ದೂರ, ಭಾರಗಳ ಪಟ್ಟಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಪ್ರತಿಯೊಂದು ಉಪಕರಣದ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ ಎರಡು: ಯಾವ ತೀರ್ಮಾನವನ್ನು ಯಂತ್ರಕ್ಕೆ ಬಿಟ್ಟುಕೊಡಲಾಗಿದೆ, ಮತ್ತು ಶತ್ರು ಅಡ್ಡಿಪಡಿಸಿದಾಗ ಆ ತೀರ್ಮಾನ ಯಾರ ಕೈಯಲ್ಲಿ ಉಳಿಯುತ್ತದೆ.

ಸೆಂಟ್ರಿ ಗೋಪುರಕ್ಕೆ ಈ ಪರೀಕ್ಷೆ ಸುಲಭ. ಸೌರಶಕ್ತಿಯಿಂದ ನಡೆಯುವ, ಮೇಲೆ ಕ್ಯಾಮೆರಾ ಮತ್ತು ರೇಡಾರ್ ಹೊತ್ತ ಈ ಕಾವಲು ಗೋಪುರವೇ ಕಂಪನಿಯ ಮೊದಲ ಸರಕು. ಅಮೆರಿಕ–ಮೆಕ್ಸಿಕೊ ಗಡಿಯಲ್ಲಿ ಪ್ರಯೋಗ ನಡೆದು, 2020ರಲ್ಲಿ ಅಲ್ಲಿನ ಗಡಿ ರಕ್ಷಣಾ ಇಲಾಖೆಯ ಕಾಯಂ ಯೋಜನೆಯಾಯಿತು. 2024ರಲ್ಲಿ ಮುನ್ನೂರನೆಯ ಗೋಪುರ ನಿಂತಿತೆಂದು ಕಂಪನಿ ಪ್ರಕಟಿಸಿತು. ಪರದೆಗಳ ಮುಂದೆ ಕುಳಿತು ಕಣ್ಣು ಕೆಂಪಾಗಿಸಿಕೊಳ್ಳುವ ಸಿಬ್ಬಂದಿಗೆ, ನೋಡಬೇಕಾದದ್ದು ಬಂದಾಗ ಮಾತ್ರ ಅದು ಎಚ್ಚರಿಕೆ ಕೊಡುತ್ತದೆ. ಯಂತ್ರ ಇಲ್ಲಿ ಮಾಡುವ ತೀರ್ಮಾನ ಗುರುತಿಸುವಷ್ಟಕ್ಕೆ ನಿಲ್ಲುತ್ತದೆ, ತಪ್ಪಿದರೆ ಒಬ್ಬ ಸಿಬ್ಬಂದಿ ಸುಮ್ಮನೆ ಜೀಪು ಓಡಿಸಿಕೊಂಡು ಹೋಗಿ ದನ ನೋಡಿ ಬರಬೇಕಾದೀತು. ಗಡಿ ದಾಟುವ ಬಡವರ ಮೇಲೆ ಇಂಥ ಕಣ್ಗಾವಲು ಸರಿಯೇ ಎಂಬ ವಾದ ಬೇರೆ ಇದೆ, ಅದು ಗಟ್ಟಿಯಾದ ವಾದವೂ ಹೌದು. ಉಪಕರಣ ಹೇಳಿದ ಕೆಲಸವನ್ನು ಮಾಡುತ್ತದೆಯೇ ಎಂಬುದಷ್ಟೇ ಲೆಕ್ಕಕ್ಕೆ ಬಂದರೆ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ. ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು.

ಮುಂದಿನದು ಡ್ರೋನ್ ಹೊಡೆಯುವ ಡ್ರೋನುಗಳು. ಇವುಗಳಲ್ಲಿ ಆನ್ವಿಲ್ ಚಿಕ್ಕದು, ಎದುರಿನ ಡ್ರೋನಿಗೆ ನೇರವಾಗಿ ಡಿಕ್ಕಿ ಹೊಡೆದು ಕೆಡಹುತ್ತದೆ. 2023ರ ಡಿಸೆಂಬರ್‌ನಲ್ಲಿ ಹೊರಬಂದ ರೋಡ್‌ರನ್ನರ್ ಹೆಚ್ಚು ಕುತೂಹಲಕರವಾದುದು. ಎರಡು ಜೆಟ್ ಎಂಜಿನ್‌ಗಳಿರುವ ಇದು ನೆಟ್ಟಗೆ ಮೇಲೇಳುತ್ತದೆ, ಗುರಿಯನ್ನು ಬೆನ್ನಟ್ಟುತ್ತದೆ, ಹೊಡೆಯುವ ಅಗತ್ಯ ಬೀಳದಿದ್ದರೆ ಹಿಂದಿರುಗಿ ಬಂದು ನೆಟ್ಟಗೇ ಇಳಿಯುತ್ತದೆ. ಸಾಮಾನ್ಯ ಕ್ಷಿಪಣಿಯನ್ನು ಒಮ್ಮೆ ಹಾರಿಸಿದರೆ ಮುಗಿಯಿತು. ಹಾಗಾಗಿ ಕಮಾಂಡರ್ ಬರುತ್ತಿರುವುದು ಡ್ರೋನೇ ಎಂದು ಖಚಿತವಾಗುವ ತನಕ ಕಾಯುತ್ತಾನೆ, ಆ ಕಾಯುವಿಕೆಯಲ್ಲೇ ಕೆಲವೊಮ್ಮೆ ಸಮಯ ಮೀರುತ್ತದೆ. ಅನುಮಾನ ಬಂದೊಡನೆ ಹಾರಿಸಿ, ಅನುಮಾನ ಸುಳ್ಳಾದರೆ ವಾಪಸ್ ಕರೆಯಬಹುದಾದ ಉಪಕರಣವು ಮನುಷ್ಯನಿಗೆ ಯೋಚಿಸಲು ಹೆಚ್ಚು ಸಮಯ ಕೊಡುತ್ತದೆ. ಸ್ವಾಯತ್ತ ಯಂತ್ರವೊಂದು ಮನುಷ್ಯನ ವಿವೇಚನೆಯನ್ನು ಕಿತ್ತುಕೊಳ್ಳುವ ಬದಲು ಅದಕ್ಕೆ ಎಡೆಮಾಡಿಕೊಡುವ ಅಪರೂಪದ ಉದಾಹರಣೆ ಇದು, ಮತ್ತು ಈ ವಿನ್ಯಾಸವನ್ನು ಯೋಚಿಸಿದವರಿಗೆ ಅದರ ಪೂರ್ತಿ ಶ್ರೇಯ ಸಲ್ಲಬೇಕು.

ಬೆಲೆಯ ಲೆಕ್ಕ ಅಷ್ಟು ಸಲೀಸಲ್ಲ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಸುಮಾರು 25 ಕೋಟಿ ಡಾಲರ್‌ಗೆ 500ಕ್ಕೂ ಹೆಚ್ಚು ರೋಡ್‌ರನ್ನರ್‌ಗಳನ್ನೂ ಪಲ್ಸರ್ ಎಂಬ ಜ್ಯಾಮಿಂಗ್ ಉಪಕರಣಗಳನ್ನೂ (ಅಂದರೆ ಶತ್ರು ಡ್ರೋನಿನ ರೇಡಿಯೋ ಸಂಪರ್ಕವನ್ನು ಕೆಡಿಸುವಂಥವನ್ನು) ಕೊಳ್ಳಲು ಒಪ್ಪಿತು. ಪಲ್ಸರ್‌ಗಳ ಪಾಲನ್ನು ಕಳೆಯದೆ ಭಾಗಿಸಿದರೂ ತಲಾ 5 ಲಕ್ಷ ಡಾಲರ್‌ಗಿಂತ ಕಡಿಮೆಯಾಗುತ್ತದೆ. ಸುಮಾರು 40 ಲಕ್ಷ ಡಾಲರ್ ಬೆಲೆಯ ಪೇಟ್ರಿಯಟ್ ಕ್ಷಿಪಣಿಯ ಪಕ್ಕದಲ್ಲಿಟ್ಟರೆ ಇದು ಅಗ್ಗ. ಆದರೆ ಹೊಡೆಯಬೇಕಾಗಿರುವುದು ಇರಾನಿನ ಶಾಹೆದ್ ಮಾದರಿಯ ಡ್ರೋನನ್ನು, ಅದರ ಬೆಲೆಯ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಅಂದಾಜು 20 ಸಾವಿರದಿಂದ 50 ಸಾವಿರ ಡಾಲರ್. ಈ ನಡುವೆ ಉಕ್ರೇನಿನ ಸಣ್ಣ ತಯಾರಕರು ಕೆಲವೇ ಸಾವಿರ ಡಾಲರ್ ಬೆಲೆಯ, ಮಾನವ ನಿಯಂತ್ರಣದ ಪ್ರತಿಬಂಧಕ ಡ್ರೋನುಗಳಿಂದ ಶಾಹೆದ್‌ಗಳನ್ನು ಕೆಡಹತೊಡಗಿದ್ದಾರೆ. ಜೆಟ್ ಎಂಜಿನ್‌ನ ವೇಗ ಬೇಕಾಗುವ ಗುರಿಗಳೂ ಇವೆ ನಿಜ, ಆದರೆ ರೋಡ್‌ರನ್ನರ್ ಕೊಳ್ಳುವವರು ತಮ್ಮ ಮೇಲೆ ಬರಬಹುದಾದ ಗುರಿಗಳಲ್ಲಿ ಅಂಥವು ಎಷ್ಟು ಎಂದು ಮೊದಲು ಎಣಿಸಿಕೊಳ್ಳಬೇಕು. ಆನ್ವಿಲ್‌ಗೆ ಸಂಬಂಧಿಸಿ ಇನ್ನೊಂದು ಟಿಪ್ಪಣಿ: 2025ರ ಆಗಸ್ಟ್‌ನಲ್ಲಿ ಒರೆಗಾನ್ ರಾಜ್ಯದಲ್ಲಿ ನಡೆದ ಪರೀಕ್ಷೆಯ ವೇಳೆ ಬೆಂಕಿ ಹತ್ತಿಕೊಂಡು 22 ಎಕರೆ ಸುಟ್ಟಿತು ಎಂದು ವಾಲ್ ಸ್ಟ್ರೀಟ್ ಜರ್ನಲ್ ವರದಿ ಮಾಡಿದೆ.

ಆ ಪತ್ರಿಕೆ 2025ರ ನವೆಂಬರ್‌ನಲ್ಲಿ ಪ್ರಕಟಿಸಿದ ವರದಿ ಆಂಡುರಿಲ್ ಸರಕುಗಳ ಬಗ್ಗೆ ಹೊರಗಿನವರಿಗೆ ದೊರೆತಿರುವ ಬಹುಮುಖ್ಯ ದಾಖಲೆ. ಕ್ಯಾಲಿಫೋರ್ನಿಯಾದ ಕರಾವಳಿಯಾಚೆ ಅದೇ ವರ್ಷದ ಮೇ ತಿಂಗಳಲ್ಲಿ ನೌಕಾಪಡೆ ನಡೆಸಿದ ಅಭ್ಯಾಸದಲ್ಲಿ, ಲ್ಯಾಟಿಸ್ ನಿಯಂತ್ರಿಸುತ್ತಿದ್ದ ಹತ್ತಾರು ಮಾನವರಹಿತ ದೋಣಿಗಳ ಪೈಕಿ ಡಜನ್‌ಗಿಂತ ಹೆಚ್ಚು ದೋಣಿಗಳು ಕೆಲಸ ಮಾಡದೆ ನಿಂತವು. ಸುರಕ್ಷತಾ ನಿಯಮಗಳು ಮುರಿದಿವೆ, ಪ್ರಾಣಹಾನಿಯ ಅಪಾಯವಿದೆ ಎಂದು ನಾವಿಕರೇ ಬರಹದಲ್ಲಿ ಎಚ್ಚರಿಸಿದರು. ಕಂಪನಿಯ ಮಾನವರಹಿತ ಯುದ್ಧವಿಮಾನವಾದ ಫ್ಯೂರಿಯ ಎಂಜಿನ್ ನೆಲದ ಮೇಲಿನ ಪರೀಕ್ಷೆಯಲ್ಲಿ ಹಾನಿಗೊಂಡಿತು. ಎಲ್ಲಕ್ಕಿಂತ ಗಂಭೀರವಾದದ್ದು ಉಕ್ರೇನಿನ ಅನುಭವ: ಕೊಳವೆಯಿಂದ ಹಾರಿ, ಆಗಸದಲ್ಲಿ ಸುತ್ತುತ್ತ ಗುರಿ ಹುಡುಕಿ, ಅದರ ಮೇಲೆ ಎರಗಿ ತಾನೂ ಸಿಡಿಯುವ ಆಲ್ಟಿಯಸ್ ಡ್ರೋನುಗಳು ಅಲ್ಲಿ ನೆಲಕ್ಕಪ್ಪಳಿಸುತ್ತಿದ್ದವು, ಗುರಿ ತಪ್ಪುತ್ತಿದ್ದವು, ಉಕ್ರೇನಿನ ಭದ್ರತಾ ಸೇವೆಯ ಯೋಧರು 2024ರಲ್ಲಿ ಅವುಗಳ ಬಳಕೆಯನ್ನೇ ನಿಲ್ಲಿಸಿದರು. ಪರೀಕ್ಷೆಯೆಂದರೆ ಸೋಲುವುದೂ ಸೇರಿಯೇ, ಬೇಗ ಸೋತು ಬೇಗ ತಿದ್ದಿಕೊಳ್ಳುವುದೇ ನಮ್ಮ ಕ್ರಮ, ಬಿಡಿ ಘಟನೆಗಳಿಂದ ಮೂಲದೋಷವನ್ನು ಊಹಿಸಬಾರದು ಎಂಬರ್ಥದ ಸಮಜಾಯಿಷಿಯನ್ನು ಕಂಪನಿ ಕೊಟ್ಟಿತು.

ಪರೀಕ್ಷಾಂಗಣದ ಸೋಲುಗಳ ಮಟ್ಟಿಗೆ ಈ ಸಮಜಾಯಿಷಿಯನ್ನು ಒಪ್ಪಬಹುದು. ಎಂಜಿನ್ ಸುಡುವುದು, ದೋಣಿ ನಿಲ್ಲುವುದು ಹೊಸ ಯಂತ್ರಗಳಿಗೆ ಸಹಜ, ಹಳೆಯ ಕಂಪನಿಗಳ ಇತಿಹಾಸವೂ ಅಂಥವುಗಳಿಂದ ತುಂಬಿದೆ. ಯುದ್ಧಭೂಮಿಯ ಸೋಲಿಗೆ ಅದೇ ಮಾತು ಅನ್ವಯಿಸದು, ಏಕೆಂದರೆ ಅಲ್ಲಿ ತಿದ್ದಿಕೊಳ್ಳುವವರೆಗಿನ ಖರ್ಚನ್ನು ತೆರುವವನು ಸೈನಿಕ. ಆಂಡುರಿಲ್ ಒಂದನ್ನೇ ಬೊಟ್ಟುಮಾಡುವುದೂ ನ್ಯಾಯವಲ್ಲ: ಅಮೆರಿಕದ ಡ್ರೋನುಗಳಿಗೆ ಉಕ್ರೇನಿನಲ್ಲಿ ಒಳ್ಳೆಯ ಹೆಸರಿಲ್ಲ ಎಂದು ಸ್ಕೈಡಿಯೋ ಕಂಪನಿಯ ಮುಖ್ಯಸ್ಥರೇ 2024ರಲ್ಲಿ ಒಪ್ಪಿಕೊಂಡಿದ್ದರು. ಮರುಭೂಮಿಯ ಪ್ರದರ್ಶನದಲ್ಲಿ ಹೂಡಿಕೆದಾರರ ಕಣ್ಮುಂದೆ ಗುರಿ ತಪ್ಪದ ಯಂತ್ರ, ರಷ್ಯದ ಜ್ಯಾಮಿಂಗ್ ಎದುರಾದೊಡನೆ ದಿಕ್ಕುಗೆಟ್ಟಿತೆಂದರೆ ಅದು ಉತ್ತರಕುಮಾರನ ಪೌರುಷವೇ. ಇಷ್ಟಾದರೂ ತೈವಾನಿಗೆ 291 ಆಲ್ಟಿಯಸ್ ಡ್ರೋನುಗಳನ್ನು, ಉಡಾವಣಾ ಸಾಧನ, ತರಬೇತಿ ಮುಂತಾದವುಗಳೊಡನೆ, ಸುಮಾರು 30 ಕೋಟಿ ಡಾಲರ್ ವರೆಗಿನ ಬೆಲೆಗೆ ಮಾರಲು ಅಮೆರಿಕ ಸರ್ಕಾರ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಎಲ್ಲ ಸೇರಿ ಒಂದಕ್ಕೆ ಸರಾಸರಿ 10 ಲಕ್ಷ ಡಾಲರ್. ಆಲ್ಟಿಯಸ್‌ಗೆ ಸದ್ಯಕ್ಕೆ ಐದರಲ್ಲಿ ಒಂದಕ್ಕಿಂತ ಹೆಚ್ಚು ಕೊಡಲು ಮನಸ್ಸು ಬಾರದು.

ಜ್ಯಾಮಿಂಗ್ ವಿಷಯದಲ್ಲಿ ಇನ್ನಷ್ಟು ಹೊತ್ತು ನಿಲ್ಲಬೇಕು, ಏಕೆಂದರೆ ಸ್ವಾಯತ್ತ ಆಯುಧಗಳ ಇಡೀ ಕಥೆಯ ಬೇರು ಅಲ್ಲಿದೆ. ಡ್ರೋನು ಮತ್ತು ಅದನ್ನು ನಡೆಸುವವನ ನಡುವೆ ಇರುವುದು ರೇಡಿಯೋ ಸಂಪರ್ಕ. ಡ್ರೋನು ತಾನೆಲ್ಲಿದ್ದೇನೆಂದು ತಿಳಿಯುವುದು ಉಪಗ್ರಹಗಳ ಸಂಕೇತದಿಂದ. ಶತ್ರು ಹೆಚ್ಚು ಶಕ್ತಿಯ ರೇಡಿಯೋ ಗದ್ದಲ ಎಬ್ಬಿಸಿದರೆ ಎರಡೂ ಕಡಿಯುತ್ತವೆ. ಹೀಗಾದಾಗ ಇರುವ ದಾರಿಗಳು ಕಡಿಮೆ. ಉಕ್ರೇನ್ ಯುದ್ಧದಲ್ಲಿ ಎರಡೂ ಪಕ್ಷಗಳು ಬಳಸುತ್ತಿರುವ ಒಂದು ದಾರಿಯೆಂದರೆ ಡ್ರೋನಿನ ಹಿಂದೆ ಮೈಲುಗಟ್ಟಲೆ ತೆಳುವಾದ ಆಪ್ಟಿಕಲ್ ಫೈಬರ್ ಎಳೆ ಬಿಚ್ಚುತ್ತ ಹೋಗುವುದು, ಆ ಎಳೆಯನ್ನು ಜ್ಯಾಮ್ ಮಾಡಲಾಗದು. ಇನ್ನೊಂದು ದಾರಿ ಯಂತ್ರಕ್ಕೇ ಕಣ್ಣು ಮತ್ತು ಬುದ್ಧಿ ಕೊಟ್ಟು, ಕೊನೆಯ ಕೆಲವು ನೂರು ಮೀಟರುಗಳಲ್ಲಿ ಸಂಪರ್ಕ ಹೋದರೂ ಗುರಿಯನ್ನು ತಾನೇ ಹಿಡಿದುಕೊಂಡು ಸಾಗುವಂತೆ ಮಾಡುವುದು. ಸ್ವಾಯತ್ತತೆ ರಣರಂಗಕ್ಕೆ ಬಂದದ್ದು ಬಹುಮಟ್ಟಿಗೆ ಈ ಎರಡನೆಯ ದಾರಿಯಲ್ಲಿ. ಪ್ರಯೋಗಾಲಯದ ಮಹತ್ವಾಕಾಂಕ್ಷೆಗಿಂತ ಕಂದಕದಲ್ಲಿದ್ದವರ ನಿರುಪಾಯ ಅದನ್ನು ಬೇಗ ಎಳೆದು ತಂದಿತು.

ಇಲ್ಲಿಯೇ ಮಾರಾಟದ ಪತ್ರಿಕೆಯ ಒಂದು ಭರವಸೆ ಇನ್ನೊಂದಕ್ಕೆ ಅಡ್ಡಬರುತ್ತದೆ. ಆಂಡುರಿಲ್ ಸೇರಿದಂತೆ ಈ ಕ್ಷೇತ್ರದ ಕಂಪನಿಗಳು ಎರಡು ಮಾತುಗಳನ್ನು ಒಟ್ಟಿಗೆ ಹೇಳುತ್ತವೆ. ನಮ್ಮ ಯಂತ್ರಗಳ ಮೇಲೆ ಮನುಷ್ಯನ ಉಸ್ತುವಾರಿ ಸದಾ ಇರುತ್ತದೆ, ಬೇಕೆಂದಾಗ ನಿಲ್ಲಿಸುವ ಗುಂಡಿ ಅವನ ಬೆರಳ ಕೆಳಗಿರುತ್ತದೆ ಎಂಬುದು ಒಂದು. ಸಂಪರ್ಕ ಪೂರ್ತಿ ಕಡಿದುಹೋದರೂ ನಮ್ಮ ಯಂತ್ರ ಹಿಡಿದ ಕೆಲಸವನ್ನು ಮುಗಿಸುತ್ತದೆ ಎಂಬುದು ಇನ್ನೊಂದು. ಉಸ್ತುವಾರಿ ಸಾಗುವುದು ಸಂಪರ್ಕದ ಮೂಲಕ. ಸಂಪರ್ಕವಿಲ್ಲದ ಗಳಿಗೆಯಲ್ಲಿ ಯಂತ್ರ ಕೆಲಸ ಮುಂದುವರಿಸಿದರೆ ಆ ಗಳಿಗೆಯಲ್ಲಿ ಗುಂಡಿ ಒತ್ತಿದರೂ ಏನೂ ಆಗದು. ಎರಡೂ ಭರವಸೆಗಳು ಒಂದೇ ಕ್ಷಣದಲ್ಲಿ ನಿಜವಾಗಿರಲಾರವು. ಆ ಕ್ಷಣಕ್ಕೆ ಯಂತ್ರವನ್ನು ಹೇಗೆ ಸಿದ್ಧಪಡಿಸಲಾಗಿದೆ, ಅಂದರೆ ಹಿಂದಿರುಗುತ್ತದೆಯೋ, ಮೊದಲೇ ಒಪ್ಪಿದ ಗುರಿಯನ್ನಷ್ಟೇ ಹೊಡೆಯುತ್ತದೆಯೋ, ಗೊತ್ತುಪಡಿಸಿದ ಪ್ರದೇಶದಲ್ಲಿ ಹೊಸ ಗುರಿಯನ್ನು ತಾನೇ ಆರಿಸಿಕೊಳ್ಳುತ್ತದೆಯೋ ಎಂಬುದು ಸರಕಿನ ಅತಿ ಮುಖ್ಯ ಗುಣ. ಪ್ರಚಾರದ ವಿಡಿಯೋಗಳಲ್ಲಿ ಕಾಣಸಿಗದ ಗುಣವೂ ಅದೇ. ತಮಾಷೆಯೆಂದರೆ ಆಂಡುರಿಲ್ ಪಲ್ಸರ್ ಎಂಬ ಜ್ಯಾಮರನ್ನೂ ತಾನೇ ಮಾರುತ್ತದೆ. ಸಂಪರ್ಕ ಕಡಿದಾಗ ಏನಾಗುತ್ತದೆಂದು ಅದಕ್ಕಿಂತ ಚೆನ್ನಾಗಿ ಬಲ್ಲವರು ಕಡಿಮೆ.

ಕಡಲಡಿಯ ಘೋಸ್ಟ್ ಶಾರ್ಕ್ ಈ ಇಕ್ಕಟ್ಟಿನಿಂದ ಸ್ವಲ್ಪ ಪಾರಾಗುತ್ತದೆ. ನೀರಿನೊಳಗೆ ರೇಡಿಯೋ ತರಂಗ ಹೆಚ್ಚು ದೂರ ಸಾಗದು, ಆದ್ದರಿಂದ ಮಾನವರಹಿತ ಜಲಾಂತರ್ಗಾಮಿ ಹುಟ್ಟಿನಿಂದಲೇ ಸ್ವತಂತ್ರವಾಗಿ ಇರಬೇಕು, ಹಾಗೆಂದು ಯಾರೂ ಮುಚ್ಚಿಡುವುದಿಲ್ಲ. ಅದರ ಸುತ್ತಮುತ್ತ ಮನೆ, ಶಾಲೆ, ಸಂತೆಗಳಿಲ್ಲ. ಹೆಚ್ಚಿನ ಹೊತ್ತು ಅದು ಮಾಡುವುದು ಸದ್ದು ಕೇಳುವ, ತಳ ಅಳೆಯುವ ಕೆಲಸ. ಆಸ್ಟ್ರೇಲಿಯಾ ಸರ್ಕಾರ ಕಂಪನಿಯ ಜತೆ ಹಣ ಹಾಕಿ ಇದನ್ನು ಅಭಿವೃದ್ಧಿಪಡಿಸಿ, 2025ರ ಸೆಪ್ಟೆಂಬರ್‌ನಲ್ಲಿ 170 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗಳ ಗುತ್ತಿಗೆಯನ್ನು ಪ್ರಕಟಿಸಿತು, ತಯಾರಿಕೆಯೂ ಅಲ್ಲಿಯೇ. ಸ್ಥಳೀಯ ಕಾರ್ಖಾನೆ, ಸ್ಥಳೀಯ ಪರೀಕ್ಷೆ, ಜಂಟಿ ಬಂಡವಾಳ ಎಂಬ ಈ ಮಾದರಿಯನ್ನು ಮಹೀಂದ್ರ ಜತೆಗಿನ ಮಾತುಕತೆಯಲ್ಲಿ ನಮ್ಮವರು ಮುಂದಿಟ್ಟುಕೊಳ್ಳುವುದು ವಿವೇಕ.

ಫ್ಯೂರಿ ಬಗ್ಗೆ ಈಗಲೇ ಹೆಚ್ಚು ಹೇಳಲು ಬಾರದು. ಪೈಲಟ್ ಇರುವ ಯುದ್ಧವಿಮಾನದ ಜತೆಗಾರನಾಗಿ ಹಾರಬೇಕಾದ ಈ ಮಾನವರಹಿತ ಜೆಟ್‌ಗೆ ಅಮೆರಿಕದ ವಾಯುಪಡೆ ವೈಎಫ್‌ಕ್ಯೂ-44ಎ ಎಂಬ ಹೆಸರು ಕೊಟ್ಟಿದೆ. 2024ರ ಏಪ್ರಿಲ್‌ನಲ್ಲಿ ಇಂಥ ವಿಮಾನವನ್ನು ಮಾಡಿಕೊಡಲು ಹಳೆಯ ದೈತ್ಯ ಕಂಪನಿಗಳನ್ನು ಬದಿಗೊತ್ತಿ ಆಂಡುರಿಲ್ ಮತ್ತು ಜನರಲ್ ಅಟಾಮಿಕ್ಸ್ ಆಯ್ಕೆಯಾದವು. ಜನರಲ್ ಅಟಾಮಿಕ್ಸ್‌ನ ವಿಮಾನ 2025ರ ಆಗಸ್ಟ್‌ನಲ್ಲಿ ಹಾರಿತು, ಫ್ಯೂರಿ ಅಕ್ಟೋಬರ್ 31ರಂದು. ತಡವಾದದ್ದಕ್ಕೆ ಆಂಡುರಿಲ್ ಕೊಟ್ಟ ಕಾರಣ ಕೇಳತಕ್ಕದ್ದು: ನೆಲದಲ್ಲಿ ಕುಳಿತವನು ಸ್ಟಿಕ್ ಹಿಡಿದು ಹಾರಿಸುವ ಹಂತವನ್ನು ಬಿಟ್ಟು, ಮೊದಲ ಹಾರಾಟದಿಂದಲೇ ವಿಮಾನ ತಾನಾಗಿ ಹಾರುವಂತೆ ಅದನ್ನು ಸಿದ್ಧಪಡಿಸಲಾಗಿತ್ತು. ಹಾರುವುದು ಒಂದು, ಹೊಡೆಯುವುದು ಇನ್ನೊಂದು; ಆಯುಧ ಬಿಡುವ ಅಧಿಕಾರ ಮನುಷ್ಯನಲ್ಲೇ ಇರುತ್ತದೆಂದು ವಾಯುಪಡೆ ಹೇಳುತ್ತ ಬಂದಿದೆ. ನಮ್ಮ ಎಚ್‌ಎಎಲ್ ಇದೇ ಬಗೆಯ ಕ್ಯಾಟ್ಸ್ ವಾರಿಯರ್ ವಿಮಾನದ ಮಾದರಿಯನ್ನು 2021ರ ಏರೋ ಇಂಡಿಯಾದಲ್ಲಿ ಯಲಹಂಕದಲ್ಲಿ ತೋರಿಸಿ, 2025ರ ಜನವರಿಯಲ್ಲಿ ಅದರ ಎಂಜಿನನ್ನು ನೆಲದ ಮೇಲೆ ಚಾಲನೆ ಮಾಡಿ ನೋಡಿತು. ಎರಡರ ನಡುವಿನ ವೇಗದ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿದೆ.

ನೈತಿಕತೆಯ ಪ್ರಶ್ನೆಗೆ ಲಕೀ ಅವರಲ್ಲಿ ಸಿದ್ಧ ಉತ್ತರವೊಂದಿದೆ. ಶಾಲಾ ಬಸ್ಸಿಗೂ ಶತ್ರುವಿನ ಟ್ಯಾಂಕಿಗೂ ವ್ಯತ್ಯಾಸ ತಿಳಿಯದ ನೆಲಬಾಂಬಿಗಿಂತ, ಆ ವ್ಯತ್ಯಾಸ ತಿಳಿಯಬಲ್ಲ ಬುದ್ಧಿವಂತ ಆಯುಧ ಹೆಚ್ಚು ನೈತಿಕ ಎಂದು ಅವರು ವೇದಿಕೆಗಳಲ್ಲಿ ವಾದಿಸುತ್ತ ಬಂದಿದ್ದಾರೆ. ಕೇಳಲು ಚೆನ್ನಾಗಿದೆ, ಚಪ್ಪಾಳೆಯೂ ಬೀಳುತ್ತದೆ. ಆದರೆ ನೆಲಬಾಂಬಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲವೆಂಬ ಕಾರಣಕ್ಕೇ ಮನುಷ್ಯರನ್ನು ಕೊಲ್ಲುವ ನೆಲಬಾಂಬುಗಳನ್ನು ನಿಷೇಧಿಸುವ ಒಟ್ಟಾವ ಒಪ್ಪಂದ 1997ರಲ್ಲಿ ಆಯಿತು, 150ಕ್ಕೂ ಹೆಚ್ಚು ದೇಶಗಳು ಅದನ್ನು ಒಪ್ಪಿದವು. ಅಮೆರಿಕವೂ ಭಾರತವೂ ಸೇರಲಿಲ್ಲ ಎಂಬುದು ಬೇರೆ ಮಾತು. ಜಗತ್ತು ಹೇಯವೆಂದು ಬದಿಗಿಟ್ಟ ಆಯುಧದ ಜತೆ ಹೋಲಿಸಿಕೊಂಡು ತಾನು ಮೇಲು ಎನ್ನುವುದು ಸರಕಿನ ಅರ್ಹತೆಯನ್ನು ಸಾಬೀತುಪಡಿಸುವುದಿಲ್ಲ. ಬಸ್ಸು ಮತ್ತು ಟ್ಯಾಂಕನ್ನು ಬೇರ್ಪಡಿಸುವುದು ಕ್ಯಾಮೆರಾಗೆ ಸುಲಭದ ಕೆಲಸ. ಬಂದೂಕು ಹಿಡಿದವನನ್ನು ಗುದ್ದಲಿ ಹಿಡಿದ ರೈತನಿಂದ, ಶರಣಾಗುತ್ತಿರುವವನನ್ನು ಓಡುತ್ತಿರುವವನಿಂದ ಬೇರ್ಪಡಿಸುವುದು ಕಷ್ಟದ ಕೆಲಸ, ಆ ಬಗ್ಗೆ ವೇದಿಕೆಯಲ್ಲಿ ಮಾತು ಕಡಿಮೆ.

ಕಾನೂನು ಕೂಡ ಗಿರಾಕಿಯನ್ನು ಹೆಚ್ಚು ಕಾಪಾಡುವುದಿಲ್ಲ. ಅಮೆರಿಕದ ರಕ್ಷಣಾ ಇಲಾಖೆ 2012ರಲ್ಲಿ ಹೊರಡಿಸಿ 2023ರ ಜನವರಿಯಲ್ಲಿ ಪರಿಷ್ಕರಿಸಿದ 3000.09 ಸಂಖ್ಯೆಯ ನಿರ್ದೇಶನ ಸ್ವಾಯತ್ತ ಆಯುಧಗಳನ್ನು ನಿಷೇಧಿಸುತ್ತದೆಂದು ಹಲವರು ತಿಳಿದಿದ್ದಾರೆ. ಅದು ಕೇಳುವುದು ಬಲಪ್ರಯೋಗದ ಮೇಲೆ ಸೂಕ್ತ ಪ್ರಮಾಣದ ಮಾನವ ವಿವೇಚನೆಯನ್ನು ಮಾತ್ರ. ಸೂಕ್ತ ಎಂದರೆ ಎಷ್ಟು ಎಂಬುದನ್ನು ಸಂದರ್ಭಕ್ಕೆ ಬಿಟ್ಟಿದೆ. ವಿಶ್ವಸಂಸ್ಥೆಯ ಮಹಾಸಭೆ 2023ರ ಡಿಸೆಂಬರ್‌ನಲ್ಲಿ ಇಂಥ ಆಯುಧಗಳ ಬಗ್ಗೆ ತನ್ನ ಮೊದಲ ನಿರ್ಣಯವನ್ನು 152 ಮತಗಳಿಂದ ಅಂಗೀಕರಿಸಿದಾಗ ವಿರೋಧಿಸಿದ್ದು ನಾಲ್ಕೇ ದೇಶಗಳು. ರಷ್ಯ, ಬೆಲಾರುಸ್, ಮಾಲಿಗಳ ಜತೆಗೆ ಭಾರತವೂ ಅವುಗಳಲ್ಲಿ ಒಂದು. ಜಿನೀವಾದ ಸಾಂಪ್ರದಾಯಿಕ ಶಸ್ತ್ರಗಳ ಒಪ್ಪಂದದ ವೇದಿಕೆಯಲ್ಲೇ ಈ ಚರ್ಚೆ ನಡೆಯಬೇಕೆಂಬುದು ನಮ್ಮ ನಿಲುವು. ಅದರ ಸರಿತಪ್ಪುಗಳೇನೇ ಇರಲಿ, ಕೊಳ್ಳುವವನಿಗೆ ಇದರ ಅರ್ಥ ಇಷ್ಟು: ಅಂತರರಾಷ್ಟ್ರೀಯ ಕಾನೂನು ವಿಧಿಸದ ಷರತ್ತುಗಳನ್ನು ಖರೀದಿಯ ಕರಾರಿನಲ್ಲಿ ನಾವೇ ಬರೆಯಬೇಕು.

ಮಾರಾಟದ ನಂತರದ ಸೇವೆಯನ್ನೂ ನೋಡದೆ ಯಾವ ವಿಮರ್ಶೆಯೂ ಮುಗಿಯದು. ಬಂದೂಕನ್ನು ಕೊಂಡವನು ಅದನ್ನು ಮಾರಿದವನನ್ನು ಮರೆಯಬಹುದು. ಲ್ಯಾಟಿಸ್‌ನಂಥ ಸಾಫ್ಟ್‌ವೇರನ್ನು ಕೊಂಡವನು ಪ್ರತಿ ಪರಿಷ್ಕರಣೆಗೂ ಕಂಪನಿಯ ಕಡೆಗೇ ಮುಖ ಮಾಡಬೇಕು. ಶತ್ರು ಜ್ಯಾಮಿಂಗ್ ಆವರ್ತನ ಬದಲಿಸಿದಂತೆಲ್ಲ ಯಂತ್ರದ ಒಳಗಿನ ಪ್ರೋಗ್ರಾಂ ವಾರಗಳಲ್ಲಿ ಬದಲಾಗಬೇಕಾಗುತ್ತದೆ ಎಂಬುದು ಉಕ್ರೇನಿನಲ್ಲಿ ಕಂಡ ಸತ್ಯ. ಆ ಬದಲಾವಣೆ ಮಾಡುವ ಅಧಿಕಾರ ಯಾರಲ್ಲಿದೆ? ಇಲಾನ್ ಮಸ್ಕ್ ಅವರ ಉದಾಹರಣೆ ಕಣ್ಣೆದುರಿಗಿದೆ: 2022ರಲ್ಲಿ ಕ್ರೈಮಿಯಾದ ಬಳಿ ರಷ್ಯದ ನೌಕೆಗಳ ಮೇಲೆ ದಾಳಿಗೆ ಹೊರಟ ಉಕ್ರೇನ್ ಅಲ್ಲಿಯವರೆಗೆ ಅವರ ಉಪಗ್ರಹ ಇಂಟರ್‌ನೆಟ್ ಸೇವೆಯಾದ ಸ್ಟಾರ್‌ಲಿಂಕ್‌ನ ಸಂಪರ್ಕ ತೆರೆಯುವಂತೆ ಕೋರಿದಾಗ ತಾವು ಒಪ್ಪಲಿಲ್ಲವೆಂದು ಅವರೇ ಹೇಳಿದ್ದಾರೆ. ಅವರ ತೀರ್ಮಾನ ಸರಿಯೋ ತಪ್ಪೋ ಎಂಬುದಕ್ಕಿಂತ, ಯುದ್ಧದ ನಡುವೆ ಅಂಥ ತೀರ್ಮಾನ ಒಬ್ಬ ಉದ್ಯಮಿಯ ಪಾಲಿಗೆ ಬಂದದ್ದೇ ಗಿರಾಕಿಗಳು ಗಮನಿಸಬೇಕಾದ ವಿಷಯ. ಲಕೀ ಅವರು ತಮ್ಮ ದೇಶದ ಸರ್ಕಾರ ಯಾರಿಗೆ ಹೇಳುತ್ತದೋ ಅವರಿಗೇ ಮಾರುತ್ತೇವೆಂದು ನೇರವಾಗಿ ಹೇಳುವವರು. ಪ್ರಾಮಾಣಿಕವಾದ ಮಾತು, ಮತ್ತು ವಾಷಿಂಗ್ಟನ್ ಜತೆ ಯಾವಾಗ ಬೇಕಾದರೂ ಮುನಿಸು ಬರಬಹುದಾದ ನಮ್ಮಂಥ ಗಿರಾಕಿಗೆ ಸಾಕಷ್ಟು ಎಚ್ಚರಿಕೆಯೂ ಹೌದು.

ಬೆಂಗಳೂರು ಈ ಸಂತೆಗೆ ಹೊಸತಲ್ಲ. ಇಸ್ರೇಲಿನ ಎಲ್ಬಿಟ್ ಕಂಪನಿಯ ಸ್ಕೈಸ್ಟ್ರೈಕರ್ ಡ್ರೋನುಗಳನ್ನು ಇಲ್ಲಿನ ಆಲ್ಫಾ ಡಿಸೈನ್ ಟೆಕ್ನಾಲಜೀಸ್ ಜಂಟಿ ಉದ್ಯಮವಾಗಿ ತಯಾರಿಸುತ್ತದೆ, 2025ರ ಮೇ ತಿಂಗಳ ಆಪರೇಷನ್ ಸಿಂಧೂರದಲ್ಲಿ ಅವು ಬಳಕೆಯಾದವೆಂದು ಪತ್ರಿಕೆಗಳು ಬರೆದವು. ವಾಯುಪಡೆಯ ಮಾಜಿ ಪೈಲಟ್ ಸಮೀರ್ ಜೋಶಿ ಅವರ ನ್ಯೂಸ್ಪೇಸ್ ಕಂಪನಿ ಗುಂಪಾಗಿ ಹಾರುವ ಡ್ರೋನುಗಳನ್ನು ನಮ್ಮ ಸೇನೆಗೆ ಮಾಡಿಕೊಟ್ಟಿದೆ. ಆದ್ದರಿಂದ ಆಂಡುರಿಲ್ ಸರಕನ್ನು ಕೊಳ್ಳಬೇಕೇ ಎಂಬ ಪ್ರಶ್ನೆಯ ಜತೆಗೆ, ಇಲ್ಲೇ ಸಿಗುವುದಕ್ಕಿಂತ ಅದರಲ್ಲಿ ಏನು ಹೆಚ್ಚಿದೆ ಎಂದೂ ಕೇಳಬೇಕು. ಗುರುತಿಸುವ ಮತ್ತು ಒಟ್ಟುಗೂಡಿಸುವ ಸಾಫ್ಟ್‌ವೇರಿನಲ್ಲಿ ಅವರು ಮುಂದಿದ್ದಾರೆ ಎಂಬುದು ನನ್ನ ಅಂದಾಜು. ಎರಗಿ ಸಿಡಿಯುವ ಡ್ರೋನಿನಲ್ಲಿ ಅವರಿಂದ ಕಲಿಯಬೇಕಾದದ್ದು ಹೆಚ್ಚಿಲ್ಲ.

ಕೊಳ್ಳುವುದಾದರೆ ಕರಾರಿನಲ್ಲಿ ಮೂರು ಸಂಗತಿಗಳು ಸ್ಪಷ್ಟವಾಗಿ ಇರಲಿ. ಪರೀಕ್ಷೆ ನಮ್ಮ ನೆಲದಲ್ಲಿ, ಲಡಾಖಿನ ಎತ್ತರದಲ್ಲೂ ರಾಜಸ್ಥಾನದ ಬಿಸಿಯಲ್ಲೂ, ನಮ್ಮ ಸೇನೆಯೇ ನಡೆಸುವ ಜ್ಯಾಮಿಂಗ್ ನಡುವೆ ಆಗಬೇಕು, ಅದರ ಫಲಿತಾಂಶಕ್ಕೆ ತಕ್ಕಂತೆ ಹಣ ಬಿಡುಗಡೆಯಾಗಬೇಕು. ಸಂಪರ್ಕ ಕಡಿದ ಗಳಿಗೆಯಲ್ಲಿ ಯಂತ್ರದ ನಡವಳಿಕೆಯನ್ನು ಗೊತ್ತುಮಾಡುವ ಮತ್ತು ಬದಲಿಸುವ ಅಧಿಕಾರ ಕಂಪನಿಯ ಅಪ್ಪಣೆಗೆ ಕಾಯದೆ ನಮ್ಮ ಅಧಿಕಾರಿಗಳ ಕೈಯಲ್ಲಿರಬೇಕು. ಯಂತ್ರ ಏನು ಕಂಡಿತು, ಏನೆಂದು ಗುರುತಿಸಿತು, ಯಾರ ಅಪ್ಪಣೆಯ ಮೇಲೆ ಏನು ಮಾಡಿತು ಎಂಬ ಪೂರ್ತಿ ದಾಖಲೆ ಅಳಿಸಲಾಗದಂತೆ ಭಾರತದಲ್ಲೇ ಉಳಿಯಬೇಕು, ತನಿಖೆ ನಡೆದಾಗ ಅದನ್ನು ಒದಗಿಸುವ ಹೊಣೆ ಕಂಪನಿಯದಾಗಿರಬೇಕು. ಮೂರಕ್ಕೂ ಒಪ್ಪಿದರೆ ಡ್ರೋನ್ ನಿಗ್ರಹ ವ್ಯವಸ್ಥೆಯನ್ನೂ ಕಡಲಡಿಯ ಉಪಕರಣವನ್ನೂ ಪರಿಗಣಿಸಬಹುದು. ಒಪ್ಪದಿದ್ದರೆ ಕಾವಲು ಗೋಪುರವನ್ನಷ್ಟೇ ಕೊಂಡು, ಉಳಿದ ಹಣವನ್ನು ಇಲ್ಲಿನ ತಯಾರಕರ ಪರೀಕ್ಷೆಗಳಿಗೆ ಹಾಕುವುದು ಲೇಸು.